ನೀರು ತಿದ್ದಿದ ಮೂಳೆಗಳು: ಅಳಿದುಹೋದ ನೀರುಹಕ್ಕಿಗಳನ್ನು ಗುರುತಿಸುವ ಪ್ರಶ್ನೆ

1872ರಲ್ಲಿ ಯೇಲ್ ವಿಶ್ವವಿದ್ಯಾಲಯದ ಒತ್ನಿಯಲ್ ಚಾರ್ಲ್ಸ್ ಮಾರ್ಷ್ ಒಂದೇ ಹಕ್ಕಿಯ ಮೂಳೆಗಳಿಗೆ ಎರಡು ಹೆಸರಿಟ್ಟರು. ಕ್ಯಾನ್ಸಸ್‌ನ ಸುಣ್ಣಕಲ್ಲಿನ ಪದರಗಳಿಂದ ಬೆಂಜಮಿನ್ ಮಡ್ಜ್ ಹೆಕ್ಕಿ ಕಳಿಸಿದ್ದ ತುಣುಕುಗಳಲ್ಲಿ ರೆಕ್ಕೆಯ ಮೂಳೆಗಳು ಹಕ್ಕಿಯವೇ ಎಂಬುದರಲ್ಲಿ ಸಂದೇಹವಿರಲಿಲ್ಲ. ಆ ಪ್ರಾಣಿಗೆ ಅವರು ಇಕ್ತಿಯಾರ್ನಿಸ್ ಡಿಸ್ಪಾರ್ ಎಂದರು. ಆದರೆ ಜೊತೆಗೇ ಇದ್ದ ಪುಟ್ಟ ದವಡೆಗಳ ತುಂಬ ಹಲ್ಲುಗಳಿದ್ದವು. ಹಲ್ಲಿರುವ ಹಕ್ಕಿಯನ್ನು ಆಗ ಬಹುತೇಕ ಯಾರೂ ಎಣಿಸಿರಲಿಲ್ಲವಾದ್ದರಿಂದ ದವಡೆಯನ್ನು ಸಮುದ್ರದ ಚಿಕ್ಕ ಸರೀಸೃಪವೊಂದರದ್ದೆಂದು ತೀರ್ಮಾನಿಸಿ, ಕೊಲೊನೊಸಾರಸ್ ಮಡ್ಜೈ ಎಂಬ ಬೇರೆ ಹೆಸರು ಕೊಟ್ಟರು. ಕಲ್ಲನ್ನು ಇನ್ನಷ್ಟು ಬಿಡಿಸಿ ನೋಡಿದಾಗ ತಲೆಯೂ ಮೈಯೂ ಒಂದೇ ಪ್ರಾಣಿಯದೆಂದು ತಿಳಿಯಿತು. 1873ರಲ್ಲಿ ಮಾರ್ಷ್ ತಮ್ಮ ತೀರ್ಮಾನವನ್ನು ತಾವೇ ತಿದ್ದಿ ಪ್ರಕಟಿಸಿದರು. ಈ ಘಟನೆಯನ್ನು ಸಾಮಾನ್ಯವಾಗಿ ಹಲ್ಲಿನ ಹಕ್ಕಿಗಳ ಶೋಧದ ಕಥೆಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೊಂದು ಪ್ರಶ್ನೆ: ಕೈಗೆ ಸಿಕ್ಕ ಮೂಳೆ ಒಂದು ಪ್ರಾಣಿಯ ಬಗ್ಗೆ ಎಷ್ಟು ಹೇಳಬಲ್ಲದು, ಅದರ ಯಾವ ಭಾಗದ ಮಾತನ್ನು ನಂಬಬೇಕು? ಈ ಪ್ರಶ್ನೆ ಎಲ್ಲ ಪಳೆಯುಳಿಕೆಗಳಿಗೂ ಅನ್ವಯಿಸುತ್ತದೆ, ನಿಜ. ಆದರೆ ಅಳಿದುಹೋದ ನೀರುಹಕ್ಕಿಗಳ ವಿಷಯದಲ್ಲಿ ಅದು ಎಲ್ಲಕ್ಕಿಂತ ಕಠಿಣವಾಗಿ ಎದುರಾಗುತ್ತದೆ. ಯಾವ ಅಂಗವನ್ನು ನೀರಿನ ಬದುಕು ಗಾಢವಾಗಿ ತಿದ್ದಿದೆಯೋ ಆ ಅಂಗವೇ ಮೊದಲು ಕಣ್ಣಿಗೆ ಬೀಳುತ್ತದೆ, ಮತ್ತು ನೆಂಟಸ್ತಿಕೆಯ ವಿಷಯದಲ್ಲಿ ದಾರಿ ತಪ್ಪಿಸುವುದೂ ಅದೇ. ಕಳೆದ ನೂರೈವತ್ತು ವರ್ಷಗಳ ದಾಖಲೆಯನ್ನು ಹಿಂತಿರುಗಿ ನೋಡಿದರೆ, ಗಟ್ಟಿಯಾಗಿ ನಿಂತ ಗುರುತುಗಳೆಲ್ಲ ನೀರಿನ ಕೈ ತಲುಪದ ಮೂಲೆಗಳಲ್ಲಿ ಸಾಕ್ಷ್ಯ ಹುಡುಕಿದವರಿಂದ ಬಂದವು ಎಂಬುದೇ ಈ ಲೇಖನದ ವಾದ.

ನೀರುಹಕ್ಕಿಗಳ ಪಳೆಯುಳಿಕೆ ಹೇರಳವಾಗಿ ಸಿಗುವುದಕ್ಕೆ ಕಾರಣ ಸರಳ. ಕಾಡಿನಲ್ಲಿ ಸತ್ತ ಹಕ್ಕಿಯನ್ನು ನರಿ, ಇರುವೆ, ಮಳೆಗಳು ಕೆಲವೇ ದಿನಗಳಲ್ಲಿ ಇಲ್ಲವಾಗಿಸುತ್ತವೆ. ಕೆರೆಯಲ್ಲೋ ಅಳಿವೆಯಲ್ಲೋ ಸತ್ತದ್ದು ಕೆಸರಿನಲ್ಲಿ ಹೂತು, ಮೇಲೆ ಹೂಳು ಬಿದ್ದು, ಕಾಲಾಂತರದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಜೊತೆಗೆ ಮುಳುಗಿ ಬೇಟೆಯಾಡುವ ಹಕ್ಕಿಗಳ ಮೂಳೆಗೋಡೆ ದಪ್ಪ. ಹಾರಾಟಕ್ಕೆ ಹಗುರವಾದ ಟೊಳ್ಳು ಮೂಳೆ ನೀರಿನೊಳಗೆ ಮೈಯನ್ನು ಮೇಲಕ್ಕೆ ತಳ್ಳುವುದರಿಂದ, ಮುಳುಗುವ ವಂಶಗಳಲ್ಲಿ ಮೂಳೆ ತುಂಬಿಕೊಂಡು ಭಾರವಾಗುತ್ತದೆ. ದಪ್ಪ ಮೂಳೆ ಒಡೆಯದೆ ಉಳಿಯುತ್ತದೆ. ಹೀಗೆ ದಾಖಲೆ ಸಮೃದ್ಧವಾಗಿದ್ದರೂ ಉಳಿಯುವುದು ಹೆಚ್ಚಾಗಿ ಬಿಡಿ ಮೂಳೆಗಳು: ತೋಳೆಲುಬಿನ ತುದಿ, ಎದೆಗೂ ಹೆಗಲಿಗೂ ನಡುವಿನ ಕೊರಕಾಯ್ಡ್, ಪಾದಕ್ಕೆ ಮೇಲಿನ ಉದ್ದನೆಯ ಟಾರ್ಸೊಮೆಟಟಾರ್ಸಸ್. ತಲೆಬುರುಡೆ ಕಾಗದದಷ್ಟು ತೆಳು. ಅಪರೂಪಕ್ಕೆ ಉಳಿದರೂ ಚಪ್ಪಟೆಯಾಗಿರುತ್ತದೆ. ಎಂದರೆ ನಮ್ಮ ಕೈಗೆ ಹೆಚ್ಚಾಗಿ ಬರುವುದು ಈಜುವ, ಮುಳುಗುವ, ನೀರಿನಲ್ಲಿ ನಡೆಯುವ ಕೆಲಸಕ್ಕೆಂದೇ ರೂಪುಗೊಂಡ ಕಾಲು. ವಂಶದ ಗುರುತು ಹೆಚ್ಚಾಗಿ ಅಡಗಿರುವ ತಲೆ ಸಿಗುವುದೇ ಅಪರೂಪ.

ಕಾಲಿನ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ನಮ್ಮ ಕೆರೆಗಳ ಗುಳುಮುಳುಕ ನೀರಿನಡಿ ಹೋಗುವಾಗ ರೆಕ್ಕೆ ಬಳಸುವುದಿಲ್ಲ. ದೇಹದ ಹಿಂತುದಿಗೆ ಸರಿದ ಕಾಲುಗಳನ್ನು ಹುಟ್ಟಿನಂತೆ ಬೀಸುತ್ತದೆ. ಆ ಬೀಸಿಗೆ ಬೇಕಾದ ಸ್ನಾಯುಗಳು ಹಿಡಿದುಕೊಳ್ಳಲು ಮೊಣಕಾಲಿನ ಮುಂದೆ, ಮೇಲಕ್ಕೆ ಚಾಚಿದ ಒಂದು ಎಲುಬಿನ ಏಣು ಇದೆ. ಉತ್ತರದ ತಣ್ಣನೆಯ ನಾಡುಗಳ ಲೂನ್ ಹಕ್ಕಿಗೂ ಇದೇ ಏಣು. ಕ್ರಿಟೇಶಿಯಸ್ ಕಾಲದಲ್ಲಿ ಉತ್ತರ ಅಮೆರಿಕವನ್ನು ಎರಡಾಗಿ ಸೀಳಿದ್ದ ಒಳಗಡಲಿನಲ್ಲಿ ಬದುಕಿದ್ದ, ಮನುಷ್ಯನಷ್ಟು ಉದ್ದದ, ಹಾರಲಾಗದ, ಹಲ್ಲುಳ್ಳ ಹೆಸ್ಪರಾರ್ನಿಸ್‌ಗೂ ಇದೇ ಏಣು. ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮನೆತನದವೆನ್ನಿಸುವಷ್ಟು ಹೋಲಿಕೆ. ಆದರೆ ಆ ಏಣು ಯಾವುದರಿಂದ ಆಗಿದೆ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಲೂನ್‌ನಲ್ಲಿ ಅದು ಪೂರ್ತಿಯಾಗಿ ಕಣಕಾಲಿನ ಮೂಳೆಯದೇ ಬೆಳವಣಿಗೆ. ಮಂಡಿಚಿಪ್ಪು ಹೆಸರಿಗಷ್ಟೇ ಇದೆ. ಗುಳುಮುಳುಕದ ಗುಂಪಿನಲ್ಲಿ ಕಣಕಾಲಿನ ಏಣಿಗೆ ದೊಡ್ಡದಾದ ಮಂಡಿಚಿಪ್ಪೂ ಸೇರಿಕೊಂಡಿದೆ. ಹೆಸ್ಪರಾರ್ನಿಸ್‌ನಲ್ಲಿ ಕೆಲಸದ ಬಹುಪಾಲು ಮಂಡಿಚಿಪ್ಪಿನದೇ, ಅದು ದೈತ್ಯವಾಗಿ ಬೆಳೆದಿದೆ. ಮಲೆನಾಡಿನ ಮನೆಗಳಿಗೆಲ್ಲ ಇಳಿಜಾರು ಮಾಡು ಇರುತ್ತದೆ. ಮಳೆ ಹಾಗೆ ಮಾಡಿಸುತ್ತದೆ. ಯಾವ ಎರಡು ಮನೆ ಒಬ್ಬನೇ ಆಚಾರಿಯ ಕೈಯವು ಎಂದು ತಿಳಿಯಲು ತೊಲೆಗೆ ತೊಲೆ ಕೂಡಿಸಿದ ಕಚ್ಚನ್ನು ನೋಡಬೇಕು. ಜರ್ಮನಿಯ ಸ್ಟೋಲ್ಪೆ 1935ರಲ್ಲಿ ಈ ಮೂರೂ ಹಕ್ಕಿಗಳ ಹಿಂಗಾಲುಗಳನ್ನು ಹೋಲಿಸಿ ಮಾಡಿದ್ದು ಇಂಥದೇ ಕೆಲಸ. ಮೂರು ವಂಶಗಳು ಬೇರೆಬೇರೆ ಸಾಮಗ್ರಿಯಿಂದ ಒಂದೇ ಸಾಧನವನ್ನು ಕಟ್ಟಿಕೊಂಡಿವೆ ಎಂದು ಅವರು ತೋರಿಸಿದರು. ಇದನ್ನೇ ವಿಜ್ಞಾನಿಗಳು ಒಮ್ಮುಖ ವಿಕಾಸ ಎನ್ನುತ್ತಾರೆ.

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಆದರೆ 1982ರಲ್ಲಿ ಜೋಯಲ್ ಕ್ರಾಕ್ರಾಫ್ಟ್ ಲೂನ್, ಗುಳುಮುಳುಕ, ಹೆಸ್ಪರಾರ್ನಿಸ್ ಮೂರೂ ಒಂದೇ ಮೂಲದಿಂದ ಬಂದವೆಂದು ಮತ್ತೆ ವಾದಿಸಿದರು. ಅವರು ಅಜಾಗರೂಕ ಸಂಶೋಧಕರಲ್ಲ. ಹಕ್ಕಿಗಳ ವರ್ಗೀಕರಣಕ್ಕೆ ಶಿಸ್ತಿನ ವಿಧಾನ ತಂದವರಲ್ಲಿ ಮುಖ್ಯರು. ಲಕ್ಷಣಗಳನ್ನು ಪಟ್ಟಿ ಮಾಡಿ, ಹಂಚಿಕೊಂಡ ಹೊಸ ಲಕ್ಷಣಗಳ ಆಧಾರದ ಮೇಲೆ ವಂಶವೃಕ್ಷ ಕಟ್ಟುವ ಅವರ ಕ್ರಮ ಅನುಕರಣೀಯವಾದದ್ದೇ. ತೊಡಕಿದ್ದದ್ದು ಪಟ್ಟಿಯಲ್ಲಿ. ಅದರಲ್ಲಿ ಹಿಂಗಾಲಿನ, ಸೊಂಟದ, ಮುಳುಗುವಿಕೆಯ ಲಕ್ಷಣಗಳೇ ತುಂಬಿದ್ದವು. ಹತ್ತು ಲಕ್ಷಣ ಎಂದು ಎಣಿಸಿದ್ದು ವಾಸ್ತವದಲ್ಲಿ ಒಂದೇ ಬದುಕಿನ ಹತ್ತು ಗುರುತುಗಳಾಗಿದ್ದವು. ಹೆಸ್ಪರಾರ್ನಿಸ್‌ನ ಹಲ್ಲುಗಳನ್ನೂ ತಲೆಬುರುಡೆಯ ಹಳೆಯ ಲಕ್ಷಣಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳು ಅದನ್ನು ಇಂದಿನ ಎಲ್ಲ ಹಕ್ಕಿಗಳ ವಂಶದ ಹೊರಗೇ ಇಟ್ಟವು. ಆಮೇಲೆ ಬಂದ ಡಿಎನ್ಎ ಲೂನ್ ಮತ್ತು ಗುಳುಮುಳುಕಗಳನ್ನೂ ಒಂದರಿಂದ ಒಂದನ್ನು ದೂರ ಸರಿಸಿತು. ಗುಳುಮುಳುಕಕ್ಕೆ ಹತ್ತಿರದ ನೆಂಟ ರಾಜಹಂಸ, ಅಂದರೆ ಫ್ಲೆಮಿಂಗೊ! 2001ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ನಂಬುವವರು ಕಡಿಮೆ. ಒಂದು ಮುಳುಗುವ ಗಿಡ್ಡ ಹಕ್ಕಿ, ಇನ್ನೊಂದು ಉದ್ದ ಕಾಲಿನಲ್ಲಿ ನೀರಲ್ಲಿ ನಿಂತು ಸೋಸಿ ತಿನ್ನುವ ಹಕ್ಕಿ. ಆದರೆ ಗೆರಾಲ್ಡ್ ಮಯರ್ 2004ರಲ್ಲಿ ಮೂಳೆಗಳನ್ನು ಹೊಸ ಕಣ್ಣಿನಿಂದ ನೋಡಿದಾಗ ಇವೆರಡರಲ್ಲಿ ಮಾತ್ರ ಇರುವ ಹಲವು ಲಕ್ಷಣಗಳು ಸಿಕ್ಕವು. ಅವು ಅಷ್ಟು ಕಾಲವೂ ಅಲ್ಲೇ ಇದ್ದವು. ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲೇ ಅಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ ವರ್ಣಿಸಿದ್ದ ಪೆಲಿಯೊಲೋಡಸ್ ಎಂಬ ಅಳಿದ ಹಕ್ಕಿ ಕೂಡ ಆಗ ಹೊಸ ಅರ್ಥ ಪಡೆಯಿತು: ಅದು ರಾಜಹಂಸದ ನೆಂಟ, ಆದರೆ ಕಾಲು ಈಜುವ ಹಕ್ಕಿಯದು.

ಒಮ್ಮುಖ ವಿಕಾಸ ಮುಳುಗುವ ಹಕ್ಕಿಗಳ ಮಾತಷ್ಟೇ ಎಂದುಕೊಳ್ಳುವಂತಿಲ್ಲ. ಉದ್ದ ಕಾಲೂ ಅಷ್ಟೇ ಮೋಸ ಮಾಡುತ್ತದೆ, ಮತ್ತು ಈ ಇಡೀ ಪ್ರಶ್ನೆಯಲ್ಲಿ ನನ್ನ ಮಟ್ಟಿಗೆ ಅತ್ಯಂತ ಕಲಿಸುವ ಪ್ರಕರಣ ಅದರದ್ದೇ. ಸುಮಾರು 5 ಕೋಟಿ ವರ್ಷಗಳ ಹಿಂದೆ ಇಂದಿನ ಯೂಟಾ ಮತ್ತು ವಯೋಮಿಂಗ್ ಸೀಮೆಗಳಲ್ಲಿ ವಿಶಾಲವಾದ ಕೆರೆಗಳಿದ್ದವು. ಅವುಗಳ ಹೂಳೇ ಈಗಿನ ಗ್ರೀನ್ ರಿವರ್ ಶಿಲಾಸ್ತರ. ಅಲ್ಲಿಂದ ಬಂದ ಅಲ್ಪಸ್ವಲ್ಪ ಮೂಳೆಗಳನ್ನು ನೋಡಿ 1926ರಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ಪ್ರೆಸ್‌ಬಿಯಾರ್ನಿಸ್ ಪರ್ವೆಟಸ್ ಎಂಬ ಹೆಸರಿಟ್ಟು, ಅದನ್ನು ಕಡಲಂಚಿನಲ್ಲಿ ಓಡಾಡುವ ಅವೊಸೆಟ್, ಮೆಟ್ಟುಗಾಲುಗಳ ಸಮೀಪ ಇಟ್ಟರು. ಕಾಲು ಉದ್ದ, ತೆಳು, ತೀರ್ಮಾನ ಸಹಜವಾಗಿತ್ತು. 1955ರಲ್ಲಿ ಹಿಲ್ಡೆಗಾರ್ಡ್ ಹೋವರ್ಡ್ ಪ್ಯಾಟಗೋನಿಯದಿಂದ ಬಂದ ಇದೇ ಬಗೆಯ ಹಕ್ಕಿಯನ್ನು ಟೆಲ್ಮಬೇಟಿಸ್ ಎಂದು ಕರೆದು, ನೀರಲ್ಲಿ ನಡೆಯುವ ಹಕ್ಕಿಯೆಂದೇ ವರ್ಣಿಸಿದರು. ವಯೋಮಿಂಗ್‌ನಲ್ಲಿ ಈ ಹಕ್ಕಿಯ ಮೂಳೆಗಳು ರಾಶಿರಾಶಿಯಾಗಿ ಸಿಗತೊಡಗಿದಾಗ, 1974ರಲ್ಲಿ ಅಲನ್ ಫೆಡುಚ್ಚಿಯಾ ಮತ್ತು ಪಾಲ್ ಮೆಕ್‌ಗ್ರೂ ಅದು ರಾಜಹಂಸದಂಥ ಹಕ್ಕಿ ಎಂದರು. ಇಷ್ಟರವರೆಗೆ ಕಾಲೇ ಸಾಕ್ಷಿ ನುಡಿಯುತ್ತಿತ್ತು. ಆಮೇಲೆ ತಲೆಯನ್ನು ಅಭ್ಯಾಸ ಮಾಡಿದಾಗ ಕೊಕ್ಕು ಬಾತುಕೋಳಿಯದ್ದಾಗಿತ್ತು. ಅಗಲವಾಗಿ, ಚಪ್ಪಟೆಯಾಗಿ, ಕೆಸರು ನೀರನ್ನು ಸೋಸುವಂಥ ಕೊಕ್ಕು.

1980ರಲ್ಲಿ ಸ್ಟಾರ್ಸ್ ಓಲ್ಸನ್ ಮತ್ತು ಫೆಡುಚ್ಚಿಯಾ ಬಾತುಗಳ ಮೂಲದ ಬಗ್ಗೆ ಬರೆದ ಪ್ರಬಂಧದಲ್ಲಿ ಪ್ರೆಸ್‌ಬಿಯಾರ್ನಿಸ್ ಬಾತಿನ ವಂಶಕ್ಕೆ ಸೇರಿದ್ದೆಂದು ಒಪ್ಪಿಕೊಂಡರು. ಅದು ದೊಡ್ಡ ತಿದ್ದುಪಡಿ. ಆದರೆ ಅವರು ಕಾಲಿನ ಸಾಕ್ಷ್ಯವನ್ನು ಬಿಟ್ಟುಕೊಡಲಿಲ್ಲ. ತಲೆ ಬಾತಿನದು, ಕಾಲು ಮೆಟ್ಟುಗಾಲಿನದು ಎಂದ ಮೇಲೆ ಬಾತುಗಳೇ ಕಡಲಂಚಿನ ಹಕ್ಕಿಗಳಿಂದ ಹುಟ್ಟಿದವು ಎಂದು ವಾದ ಹೂಡಿದರು. ಇಲ್ಲಿ ತಪ್ಪಿದ್ದು ಎಲ್ಲಿ ಎಂಬುದನ್ನು ನಿಧಾನವಾಗಿ ನೋಡಬೇಕು. ತಲೆಬುರುಡೆಗೂ ಕೆಳದವಡೆಗೂ ನಡುವೆ ಕ್ವಾಡ್ರೇಟ್ ಎಂಬ ಪುಟ್ಟ ಮೂಳೆಯಿದೆ, ಬಾಗಿಲ ತಿರುಗಣಿಯ ಕೆಲಸ ಅದರದು. ಬಹುಪಾಲು ಹಕ್ಕಿಗಳಲ್ಲಿ ಅದು ಕೆಳದವಡೆಗೆ ಕೂಡುವ ಕಡೆ ಮೂರು ಗುಬಟುಗಳಿರುತ್ತವೆ, ಬಾತುಗಳಲ್ಲಿ ಎರಡೇ. ಆ ಎರಡು ಗುಬಟುಗಳು ಇನ್ನೊಂದು ಕಡೆಯೂ ಇವೆ: ಕೋಳಿ, ನವಿಲು, ಗೌಜಲಗಳಲ್ಲಿ. ಕೆಳದವಡೆ ಕೀಲಿನಿಂದ ಹಿಂದಕ್ಕೆ ಉದ್ದವಾಗಿ ಚಾಚಿಕೊಳ್ಳುವುದೂ ಇವೆರಡು ಗುಂಪಿನಲ್ಲಿ ಸಮಾನ. ನೆಲ ಕೆರೆದು ಕಾಳು ಹೆಕ್ಕುವ ಕೋಳಿಗೂ ನೀರು ಸೋಸುವ ಬಾತಿಗೂ ಬದುಕಿನಲ್ಲಿ ಹೋಲಿಕೆಯೇ ಇಲ್ಲ. ಹಾಗಿದ್ದೂ ಉಳಿದುಕೊಂಡ ಈ ಸಾಮ್ಯ ಕಸುಬಿನಿಂದ ಬಂದದ್ದಲ್ಲ, ಪೂರ್ವಜರಿಂದ ಬಂದದ್ದು. ಡಿಎನ್ಎ ಕೂಡ ಬಾತು ಮತ್ತು ಕೋಳಿಗಳನ್ನೇ ಸೋದರ ಗುಂಪುಗಳೆಂದು ಮತ್ತೆ ಮತ್ತೆ ಹೇಳಿದೆ. ಸ್ವೀಡನ್ನಿನ ಪರ್ ಎರಿಕ್ಸನ್ 1997ರಲ್ಲಿ ಅಸ್ಥಿಪಂಜರವನ್ನು ಸಮಗ್ರವಾಗಿ ಪರಿಶೀಲಿಸಿ ಪ್ರೆಸ್‌ಬಿಯಾರ್ನಿಸ್ ಇಂದಿನ ಬಾತು, ಹಂಸಗಳ ಕುಟುಂಬಕ್ಕೆ ಬಹಳ ಹತ್ತಿರದ್ದೆಂದು ತೋರಿಸಿದರು. ಉದ್ದ ಕಾಲು ಯಾವ ಪೂರ್ವಜರ ನೆನಪೂ ಆಗಿರಲಿಲ್ಲ. ಆಳವಿಲ್ಲದ ಕೆರೆಯಲ್ಲಿ ಹಿಂಡುಹಿಂಡಾಗಿ ನಡೆಯುತ್ತಿದ್ದ ಬಾತಿಗೆ ಆ ಕೆರೆ ಕೊಟ್ಟ ಕಾಲು ಅದು.

ಒಮ್ಮೆ ತಿಳಿದ ಪಾಠ ಮತ್ತೆ ಮರೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಆಸ್ಟ್ರೇಲಿಯದ ವಿಲಾರು ಪ್ರಕರಣವನ್ನು ಮುಂದಿಡಬೇಕಾಗುತ್ತದೆ. ದಕ್ಷಿಣ ಆಸ್ಟ್ರೇಲಿಯದ ಒಣ ಕೆರೆಗಳ ತಳದಲ್ಲಿ ಸಿಕ್ಕ, ಸುಮಾರು ಎರಡೂವರೆ ಕೋಟಿ ವರ್ಷ ಹಳೆಯ ಮೂಳೆಗಳನ್ನು 2013ರಲ್ಲಿ ವಿಲಾರು ಟೆಡ್‌ಫರ್ಡೈ ಎಂಬ ಹೆಸರಿನಲ್ಲಿ ಸ್ಟೋನ್ ಕರ್ಲ್ಯೂ ಕುಟುಂಬದ ಹಕ್ಕಿಯೆಂದು ವರ್ಣಿಸಲಾಯಿತು. ಅದೂ ಉದ್ದ ಕಾಲಿನ, ಕಡಲಂಚಿನ ಹಕ್ಕಿಗಳ ಗಣದ್ದೇ. 2016ರಲ್ಲಿ ವನೇಸಾ ಡಿ ಪಿಯೆಟ್ರಿ ಮತ್ತು ಸಂಗಡಿಗರು ಅವೇ ಮೂಳೆಗಳನ್ನು, ಜೊತೆಗೆ ಇನ್ನೂ ಕೆಲವನ್ನು ಮತ್ತೆ ಪರಿಶೀಲಿಸಿ, ಅದು ಪ್ರೆಸ್‌ಬಿಯಾರ್ನಿಸ್‌ನ ಕುಟುಂಬದ್ದೆಂದು ಸ್ಥಾಪಿಸಿದರು. ಸುಮಾರು ತೊಂಬತ್ತು ವರ್ಷ ಮೊದಲು ವೆಟ್ಮೋರ್ ಎಡವಿದ್ದ ಕಲ್ಲಿಗೇ ಮತ್ತೆ ಎಡವಿದಂತಾಯಿತು. ಇದನ್ನು ಅವಹೇಳನಕ್ಕಾಗಿ ಹೇಳುತ್ತಿಲ್ಲ. ಆ ಕುಟುಂಬ ಅಷ್ಟು ಈಚಿನವರೆಗೆ ಉಳಿದಿರಬಹುದು ಎಂಬ ನಿರೀಕ್ಷೆಯೇ ಯಾರಿಗೂ ಇರಲಿಲ್ಲ, ಹಾಗಾಗಿ ಹೋಲಿಸಿ ನೋಡಬೇಕಾದ ಹಕ್ಕಿಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಗುರುತಿಸುವಿಕೆ ಎಂದರೆ ಕೊನೆಗೂ ಹೋಲಿಕೆ. ಯಾವುದರ ಜೊತೆ ಹೋಲಿಸಿದೆವು ಎಂಬುದೇ ಉತ್ತರದ ಅರ್ಧಭಾಗವನ್ನು ನಿರ್ಧರಿಸಿಬಿಡುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಇಷ್ಟೆಲ್ಲ ಎಡವಟ್ಟಿನ ನಂತರ ಮೂಳೆಯ ಆಕಾರವನ್ನು ನಂಬುವುದೇಕೆ, ಡಿಎನ್ಎಯನ್ನೇ ಕೇಳಬಾರದೇಕೆ? ಕೇಳಬಹುದಾದಲ್ಲಿ ಕೇಳಲೇಬೇಕು. ಕ್ಯಾಲಿಫೋರ್ನಿಯ ಕರಾವಳಿಯ ಚೆಂಡೈಟಿಸ್ ಲಾವೈ ಎಂಬ ಹಾರಲಾಗದ ಬಾತನ್ನು 1925ರಲ್ಲಿ ಲಾಯ್ ಮಿಲ್ಲರ್ ವರ್ಣಿಸಿದ್ದರು. ಪುಟ್ಟ ರೆಕ್ಕೆ, ಬಲವಾದ ಕಾಲು; ಸಮುದ್ರದಲ್ಲಿ ಮುಳುಗುವ ಐಡರ್ ಬಾತುಗಳ ಬಳಗವೆಂದೇ ದಶಕಗಳ ಕಾಲ ಎಣಿಸಲಾಗಿತ್ತು. ಅದು ಅಳಿದು ಕೆಲವು ಸಾವಿರ ವರ್ಷಗಳಷ್ಟೇ ಆಗಿರುವುದರಿಂದ ಮೂಳೆಯಲ್ಲಿ ಡಿಎನ್ಎ ಉಳಿದಿತ್ತು. 2018ರಲ್ಲಿ ಅದನ್ನು ಓದಿದಾಗ ಅದರ ನೆಂಟಸ್ತಿಕೆ ಇದ್ದದ್ದು ನೀರಿನ ಮೇಲ್ಮೈಯಲ್ಲಿ ಬಾಲವೆತ್ತಿ ಮೇಯುವ ಬಾತುಗಳೊಂದಿಗೆ. ಆದರೆ ಈ ಸೌಕರ್ಯ ಸಮೀಪದ ಕಾಲಕ್ಕೆ ಮಾತ್ರ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ 2022ರಲ್ಲಿ ಓದಲಾದ ಡಿಎನ್ಎ ಸುಮಾರು 20 ಲಕ್ಷ ವರ್ಷ ಹಳೆಯದು, ಅದೇ ಒಂದು ದಾಖಲೆ. ಪ್ರೆಸ್‌ಬಿಯಾರ್ನಿಸ್ ಅದಕ್ಕಿಂತ 25 ಪಟ್ಟು ಹಳೆಯದು. ಅಲ್ಲಿಗೆ ಮೂಳೆಯೊಂದೇ ಗತಿ. ಡಿಎನ್ಎ ನಮಗೆ ಮಾಡಿರುವ ದೊಡ್ಡ ಉಪಕಾರ ಬೇರೆಯದು: ಬದುಕಿರುವ ಹಕ್ಕಿಗಳ ನಿಜವಾದ ನೆಂಟಸ್ತಿಕೆ ತಿಳಿದ ಮೇಲೆ, ಮೂಳೆಯ ಯಾವ ಲಕ್ಷಣ ವಂಶವನ್ನು ಹಿಂಬಾಲಿಸುತ್ತದೆ, ಯಾವುದು ಬರೀ ಕಸುಬನ್ನು ಹಿಂಬಾಲಿಸುತ್ತದೆ ಎಂದು ಒರೆಗೆ ಹಚ್ಚಿ ನೋಡಬಹುದು. ರಾಜಹಂಸ ಮತ್ತು ಗುಳುಮುಳುಕದ ಮೂಳೆಗಳಲ್ಲಿ ಆದದ್ದು ಇದೇ.

ಇನ್ನೊಂದು ಆಕ್ಷೇಪ ಕಂಪ್ಯೂಟರನ್ನು ನೆಚ್ಚಿಕೊಂಡವರದು. ನೂರಾರು ಲಕ್ಷಣಗಳನ್ನು ಒಟ್ಟಿಗೆ ಲೆಕ್ಕ ಹಾಕಿದರೆ ದಾರಿ ತಪ್ಪಿಸುವ ಹತ್ತಾರು ತಾವಾಗಿಯೇ ಮುಳುಗಿಹೋಗುತ್ತವಲ್ಲ ಎನ್ನುತ್ತಾರೆ. ಸಂಪೂರ್ಣ ಅಸ್ಥಿಪಂಜರವಿದ್ದರೆ ಈ ಮಾತು ಬಹುಮಟ್ಟಿಗೆ ಸರಿ. ಆದರೆ ಸಿಕ್ಕಿರುವುದು ಹಿಂಗಾಲು ಮಾತ್ರವಾದರೆ ಕೋಷ್ಟಕದಲ್ಲಿ ತುಂಬುವುದು ಹಿಂಗಾಲಿನ ಲಕ್ಷಣಗಳೇ, ಉಳಿದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ. ಎಣಿಕೆ ಎಷ್ಟೇ ನಿಖರವಾಗಿರಲಿ, ಒಂದೇ ಸಾಕ್ಷಿಯನ್ನು ನೂರು ಸಲ ಕೇಳಿದರೆ ನೂರು ಸಾಕ್ಷಿಗಳಾಗುವುದಿಲ್ಲ. ಹಾಗಾದರೆ ಪೂರ್ತಿ ಅಸ್ಥಿಪಂಜರ ಸಿಗುವ ತನಕ ಹೆಸರಿಡದೆ ಕಾಯಬೇಕೇ? ಅದೂ ಅಲ್ಲ. ಹೆಸರಿಡದ ಮೂಳೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಯಾರೂ ಮತ್ತೆ ಪರಿಶೀಲಿಸುವುದಿಲ್ಲ. ವೆಟ್ಮೋರ್ ಹೆಸರಿಟ್ಟು, ಚಿತ್ರ ಸಮೇತ ವರ್ಣಿಸಿದ್ದರಿಂದಲೇ ಮುಂದಿನವರು ಅವರನ್ನು ತಿದ್ದಲು ಸಾಧ್ಯವಾಯಿತು. ಪ್ರಭೇದಕ್ಕೆ ಹೆಸರು ಕೊಡುವುದು ಒಂದು ಕೆಲಸ, ಅದರ ಕುಟುಂಬ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಒಳ್ಳೆಯ ಮೂಳೆ ಸಾಕಾಗಬಹುದು, ಎರಡನೆಯದಕ್ಕೆ ಸಾಕಾಗದಿರಬಹುದು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸದಿಂದಲೇ ಗೊಂದಲದ ಬಹುಪಾಲು ಹುಟ್ಟಿದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಪ್ರಭೇದದ ಮಟ್ಟದಲ್ಲಿ ಎಲ್ಲವೂ ಸಲೀಸು ಎನ್ನುವಂತಿಲ್ಲ. ಅಲ್ಲಿನ ತೊಡಕು ಒಮ್ಮುಖ ವಿಕಾಸದ್ದಲ್ಲ, ಒಂದೇ ಪ್ರಭೇದದೊಳಗಿನ ವ್ಯತ್ಯಾಸದ್ದು. ಇಕ್ತಿಯಾರ್ನಿಸ್‌ಗೆ ಮಾರ್ಷ್ ಕಾಲದಿಂದ ಹಲವು ಪ್ರಭೇದಗಳ ಹೆಸರು ಸೇರುತ್ತ ಹೋದವು. 2004ರಲ್ಲಿ ಜೂಲಿಯಾ ಕ್ಲಾರ್ಕ್ ಯೇಲ್ ಸಂಗ್ರಹವನ್ನೆಲ್ಲ ಮತ್ತೆ ಅಳೆದು ನೋಡಿದಾಗ ಆ ಹೆಸರುಗಳಲ್ಲಿ ಮೊದಲಿನ ಡಿಸ್ಪಾರ್ ಒಂದೇ ಉಳಿಯಿತು. ಬೇರೆ ಕೆಲವು ಮೂಳೆಗಳು ಇಕ್ತಿಯಾರ್ನಿಸ್‌ನವೇ ಅಲ್ಲವೆಂದು ತಿಳಿಯಿತು. ನೀರುಹಕ್ಕಿಯಲ್ಲದಿದ್ದರೂ ನ್ಯೂಜಿಲೆಂಡಿನ ದೈತ್ಯ ಮೋವಾ ಇಲ್ಲಿ ನೆನಪಾಗಲೇಬೇಕು: ಗಾತ್ರ ನೋಡಿ ಬೇರೆಬೇರೆ ಪ್ರಭೇದ ಎಂದಿದ್ದವು ಒಂದೇ ಹಕ್ಕಿಯ ಗಂಡು ಹೆಣ್ಣುಗಳೆಂದು 2003ರಲ್ಲಿ ಡಿಎನ್ಎ ತೋರಿಸಿತು. ಭಾರತದ ಮಟ್ಟಿಗೆ ಈ ಎಚ್ಚರ ಶಿವಾಲಿಕ್ ಬೆಟ್ಟಗಳ ಹಕ್ಕಿಗಳಿಗೆ ನೇರವಾಗಿ ತಾಗುತ್ತದೆ. ಹ್ಯೂ ಫಾಲ್ಕನರ್ ಮತ್ತು ಗಂಗಾ ಕಾಲುವೆ ಕಟ್ಟಿದ ಪ್ರೊಬಿ ಕಾಟ್ಲಿ ಅಲ್ಲಿಂದ ಸಂಗ್ರಹಿಸಿದ ಮೂಳೆಗಳಲ್ಲಿ ಮಿಲ್ನ್-ಎಡ್ವರ್ಡ್ಸ್ 1868ರಲ್ಲಿ ಒಂದು ದೈತ್ಯ ಕೊಕ್ಕರೆಯನ್ನು ಗುರುತಿಸಿದರು. ಅದೇ ಇಂದಿನ ಲೆಪ್ಟಾಪ್ಟಿಲಸ್ ಫಾಲ್ಕನೆರೈ, ಅಸ್ಸಾಮಿನ ಹರ್ಗಿಲಾ ಕೊಕ್ಕರೆಯ ಬಳಗದ ದೊಡ್ಡ ಹಕ್ಕಿ. 1880ರಲ್ಲಿ ವಿಲಿಯಂ ಡೇವಿಸ್ ಅದೇ ಬೆಟ್ಟಗಳಿಂದ ಎರಡು ಹೆಜ್ಜಾರ್ಲೆಗಳನ್ನು ವರ್ಣಿಸಿ, ಒಂದಕ್ಕೆ ಕಾಟ್ಲಿಯ ಹೆಸರನ್ನೂ ಇನ್ನೊಂದಕ್ಕೆ ಶಿವಾಲಿಕ್‌ನ ಹೆಸರನ್ನೂ ಕೊಟ್ಟರು. 2005ರಲ್ಲಿ ಆಂಟ್ವಾನ್ ಲೂಷಾರ್ ಮತ್ತು ಸಂಗಡಿಗರು ಆಫ್ರಿಕಾದ ಪ್ಲಯೊಸೀನ್ ಕಾಲದ ದೈತ್ಯ ಕೊಕ್ಕರೆಗಳ ಮೂಳೆಗಳನ್ನೂ ಫಾಲ್ಕನೆರೈ ಪ್ರಭೇದದೊಳಗೇ ತಂದರು. ಎರಡು ಖಂಡಗಳಲ್ಲಿ ಹರಡಿದ್ದ ಒಂದೇ ಹಕ್ಕಿಯೋ, ಬೇರೆಬೇರೆಯೋ ಎಂಬ ಇಂಥ ನಿರ್ಣಯ ನಿಲ್ಲುವುದು ಬದುಕಿರುವ ಕೊಕ್ಕರೆಗಳಲ್ಲಿ ಗಂಡು, ಹೆಣ್ಣು, ಮರಿಗಳ ಮೂಳೆ ಎಷ್ಟೆಷ್ಟು ವ್ಯತ್ಯಾಸವಾಗುತ್ತದೆ ಎಂಬ ಅಳತೆಯ ಮೇಲೆ. ಪ್ರಪಂಚದ ವಸ್ತುಸಂಗ್ರಹಾಲಯಗಳಲ್ಲಿ ಹಕ್ಕಿಯ ಚರ್ಮ, ಗರಿಗಳ ಮಾದರಿಗಳು ಬಹಳ, ಶುಚಿಗೊಳಿಸಿದ ಅಸ್ಥಿಪಂಜರಗಳು ಅದಕ್ಕಿಂತ ಬಹಳ ಕಡಿಮೆ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನಿಂದ ಬಿದ್ದು ಸಾಯುವ ಹೆಜ್ಜಾರ್ಲೆ ಮರಿ, ರಂಗನತಿಟ್ಟಿನಲ್ಲಿ ವಯಸ್ಸಾಗಿ ಸತ್ತ ಬಣ್ಣದ ಕೊಕ್ಕರೆ, ಇವುಗಳ ಅಸ್ಥಿಪಂಜರವನ್ನು ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಶುಚಿಗೊಳಿಸಿ, ಲಿಂಗ ವಯಸ್ಸುಗಳ ವಿವರ ಬರೆದು ಇಡುವುದು ಶಿವಾಲಿಕ್‌ನ ಹಕ್ಕಿಗಳ ಅಧ್ಯಯನಕ್ಕೂ ಕೊಡುಗೆಯೇ ಆಗುತ್ತದೆ. ಉತ್ಖನನಕ್ಕಿಂತ ಕಡಿಮೆ ಖರ್ಚಿನ ಕೆಲಸ ಇದು.

ಈವರೆಗೆ ಹೇಳಿದ್ದನ್ನೆಲ್ಲ ಒಟ್ಟಿಗೆ ಪರೀಕ್ಷೆಗೆ ಒಡ್ಡುವ ಹಕ್ಕಿ ಅಂಟಾರ್ಕ್ಟಿಕದ ವೆಗಾವಿಸ್. ಅದರ ಗುರುತಿನ ಮೇಲೆ ಅವಲಂಬಿಸಿರುವ ವಿಷಯವೂ ದೊಡ್ಡದು. 1992ರಲ್ಲಿ ಅರ್ಜೆಂಟೀನಾದ ತಂಡವೊಂದು ವೆಗಾ ದ್ವೀಪದಲ್ಲಿ ಕಲ್ಲಿನ ಗಡ್ಡೆಯೊಳಗೆ ಸಿಕ್ಕಿಕೊಂಡ ಹಕ್ಕಿಯ ಮೂಳೆಗಳನ್ನು ಕಂಡಿತು. 1995ರಲ್ಲಿ ಹೋರ್ಹೆ ನೊರಿಯೆಗಾ ಮತ್ತು ಕ್ಲಾಡಿಯಾ ತಂಬೂಸಿ ಅದನ್ನು ಪ್ರೆಸ್‌ಬಿಯಾರ್ನಿಸ್ ಕುಟುಂಬದ್ದೆಂದು ವರದಿ ಮಾಡಿದರು. ಮುಂದೆ ಕಲ್ಲಿನೊಳಗೆ ಹುದುಗಿದ್ದ ಮೂಳೆಗಳನ್ನು ಸಿಟಿ ಸ್ಕ್ಯಾನ್‌ನಲ್ಲಿ ಕಂಡು, 2005ರಲ್ಲಿ ಜೂಲಿಯಾ ಕ್ಲಾರ್ಕ್ ಹಾಗೂ ಇವರಿಬ್ಬರೂ ಸೇರಿದ ತಂಡ ನೇಚರ್ ಪತ್ರಿಕೆಯಲ್ಲಿ ವೆಗಾವಿಸ್ ಇಯಾಯ್ ಎಂಬ ಹೆಸರು ಕೊಟ್ಟು, ಇದು ಬಾತಿನ ವಂಶದ ಒಳಗೇ ಸೇರಿದ್ದು ಎಂದಿತು. ಆ ಕಲ್ಲಿನ ವಯಸ್ಸು ಡೈನೋಸಾರ್‌ಗಳ ಅಳಿವಿಗಿಂತ ಹಿಂದಿನದು. ವೆಗಾವಿಸ್ ಬಾತಿನ ಬಳಗವಾದರೆ, ಬಾತು ಮತ್ತು ಕೋಳಿಗಳ ಕವಲು 6.6 ಕೋಟಿ ವರ್ಷಗಳ ಹಿಂದಿನ ಮಹಾಪ್ರಳಯಕ್ಕೂ ಮೊದಲೇ ಒಡೆದಿರಬೇಕು, ಇಂದಿನ ಹಕ್ಕಿಗಳ ಕೆಲವು ವಂಶಗಳಾದರೂ ಆ ಅಳಿವನ್ನು ದಾಟಿ ಬಂದಿರಬೇಕು. ಹಕ್ಕಿಗಳ ಡಿಎನ್ಎ ಗಡಿಯಾರವನ್ನು ಸರಿಹೊಂದಿಸುವ ಎಷ್ಟೋ ಅಧ್ಯಯನಗಳು ಈ ಒಂದು ಗುರುತನ್ನು ಗೂಟವಾಗಿ ಬಳಸಿಕೊಂಡವು.

ಆದರೆ ಮೊದಲ ಮಾದರಿಯಲ್ಲಿ ತಲೆ ಇರಲಿಲ್ಲ. ಇದ್ದದ್ದು ಮುಳುಗುವ ಹಕ್ಕಿಯ ಮೈ. ಅದೇ ಪ್ರದೇಶದ ಸೀಮೋರ್ ದ್ವೀಪದಿಂದ ಬಂದ ಪೋಲಾರಾರ್ನಿಸ್ ಎಂಬ ಹಕ್ಕಿಯನ್ನು ಭಾರತ ಮೂಲದ ಶಂಕರ ಚಟರ್ಜಿ 2002ರಲ್ಲಿ ಲೂನ್ ಎಂದಿದ್ದರು. ಅದಕ್ಕೂ ಕಾಲಿನ ಸಾಕ್ಷ್ಯವೇ ಮುಖ್ಯ. 2017ರಲ್ಲಿ ಫೆಡೆರಿಕೊ ಅಗ್ನೊಲಿನ್ ಮತ್ತು ಸಂಗಡಿಗರು ಇವೆರಡನ್ನೂ ದಕ್ಷಿಣ ಗೋಳದ ಇನ್ನೂ ಕೆಲವು ಹಕ್ಕಿಗಳನ್ನೂ ಸೇರಿಸಿ ವೆಗಾವಿಡೇ ಎಂಬ ಕುಟುಂಬ ಕಟ್ಟಿ, ಬಾತುಗಳ ಬುಡದಲ್ಲಿ ಇಟ್ಟರು. ಮರುವರ್ಷವೇ ಮಯರ್ ಮತ್ತು ಸಹಲೇಖಕರು ಆ ಕುಟುಂಬದಲ್ಲಿ ಯಾರು ಯಾರು ಸೇರುತ್ತಾರೆ, ಬಾತಿನೊಂದಿಗಿನ ಸಂಬಂಧ ಎಷ್ಟು ಗಟ್ಟಿ ಎಂಬ ಎರಡನ್ನೂ ಪ್ರಶ್ನಿಸಿದರು. ಅವರ ಶಂಕೆ ನ್ಯಾಯವಾದದ್ದು. ಮುಳುಗುವ ಕಾಲುಗಳನ್ನು ಆಧರಿಸಿ ಕುಟುಂಬ ಕಟ್ಟುವುದರ ಅಪಾಯವನ್ನು ಹೆಸ್ಪರಾರ್ನಿಸ್ ಪ್ರಕರಣ ಆಗಲೇ ತೋರಿಸಿತ್ತು.

2025ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಟಾರೆಸ್ ಮತ್ತು ಸಂಗಡಿಗರು ನೇಚರ್‌ನಲ್ಲಿ ವೆಗಾವಿಸ್‌ನ ಬಹುತೇಕ ಪೂರ್ಣವಾದ ತಲೆಬುರುಡೆಯನ್ನು ಪ್ರಕಟಿಸಿದರು. 2011ರ ಯಾತ್ರೆಯಲ್ಲಿ ಸಿಕ್ಕ, ಸುಮಾರು 6.9 ಕೋಟಿ ವರ್ಷ ಹಳೆಯ ಮಾದರಿ. ಅಲ್ಲಿ ಕಂಡದ್ದು ಬಾತಿನ ಕೊಕ್ಕಲ್ಲ. ಹಲ್ಲಿಲ್ಲದ, ಉದ್ದವಾದ, ಚೂಪಾದ ಕೊಕ್ಕು. ದವಡೆ ಮುಚ್ಚುವ ಸ್ನಾಯುಗಳಿಗೆ ವಿಶಾಲವಾದ ಜಾಗ. ನೀರಿನಡಿ ಮೀನು ಹಿಡಿಯುವ ಲೂನ್, ಗುಳುಮುಳುಕಗಳಿಗೆ ಹೊಂದುವ ತಲೆ. ಮೇಲ್ನೋಟಕ್ಕೆ ಇದು ಬಾತಿನ ವಾದವನ್ನು ಬುಡಮೇಲು ಮಾಡಬೇಕು, ಹಲವರಿಗೆ ಹಾಗೇ ಅನ್ನಿಸಿತು ಕೂಡ. ಸಂಶೋಧಕರ ತೀರ್ಮಾನ ತದ್ವಿರುದ್ಧ: ಮೆದುಳಿನ ಆಕಾರ ಇಂದಿನ ಹಕ್ಕಿಗಳ ಮಾದರಿಯದು, ಎಲ್ಲ ಲಕ್ಷಣಗಳನ್ನೂ ತಾಳೆ ನೋಡಿದಾಗ ಅದು ನಿಲ್ಲುವುದು ಬಾತು ಹಂಸಗಳ ಸಮೀಪವೇ. ಈ ನಿರ್ಣಯವನ್ನು ನಾನು ಒಪ್ಪುವುದು ಮೇಲೆ ಹೇಳಿದ ಕಾರಣಕ್ಕೇ. ಮೀನು ಹಿಡಿಯುವ ಕೊಕ್ಕು ಮುಳುಗುವ ಕಾಲಿನಷ್ಟೇ ಕಸುಬಿನ ಗುರುತು. ಲೂನ್ ಕಡೆಗೆ ಎಳೆಯುವ ಸಾಕ್ಷ್ಯವೆಲ್ಲ ಕೊಕ್ಕು, ಸ್ನಾಯು, ಕಾಲು ಎಂಬ ಒಂದೇ ಬದುಕಿನಿಂದ ಬರುತ್ತದೆ. ಪ್ರೆಸ್‌ಬಿಯಾರ್ನಿಸ್‌ನಲ್ಲಿ ತಲೆ ನಿಜ ಹೇಳಿತು ಎಂಬ ಕಾರಣಕ್ಕೆ ತಲೆಯ ಪ್ರತಿಯೊಂದು ಭಾಗವೂ ಎಲ್ಲ ಕಡೆ ನಿಜ ಹೇಳುತ್ತದೆಂದು ಎಣಿಸಬಾರದು. ಅಲ್ಲಿ ಕೊನೆಗೆ ನಂಬಿಕೆ ಹುಟ್ಟಿಸಿದ್ದು ಅಗಲವಾದ ಕೊಕ್ಕಿಗಿಂತ ಹೆಚ್ಚಾಗಿ ಕೋಳಿಯಲ್ಲೂ ಇರುವ ದವಡೆಯ ಕೀಲು. ವೆಗಾವಿಸ್ ಬಾತಲ್ಲ ಎಂದು ವಾದಿಸುವವರು ಇನ್ನು ಮುಂದೆ ಕೊಕ್ಕಿನ ಚೂಪನ್ನು ತೋರಿಸಿದರೆ ಸಾಲದು. ಬಾತಾಗಲಿ ಲೂನಾಗಲಿ ತಮ್ಮ ಮೇವಿಗಾಗಿ ಬದಲಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲದ ಕೀಲುಗಳಲ್ಲಿ, ತಲೆಬುರುಡೆಯ ತಳದಲ್ಲಿ, ಅವರು ತಮ್ಮ ಸಾಕ್ಷ್ಯವನ್ನು ತೋರಿಸಬೇಕಾಗುತ್ತದೆ.